ಮೆಟ್ರೊ ಬಂತು, ಅಲ್ಲಿಗೆ ಹೋಗುವ ದಾರಿ?

2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ ಉದ್ಘಾಟನೆಯಾದಾಗ ನಮ್ಮ ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಬ್ಬವೋ ಹಬ್ಬ. 19 ಕಿ.ಮೀ.ಗೂ ತುಸು ಹೆಚ್ಚು ಉದ್ದ, 16 ನಿಲ್ದಾಣ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆಯ ತಲೆಯ ಮೇಲೆ ಹಾದುಹೋಗುವ ರೈಲು. ವರ್ಷಗಟ್ಟಲೆ ಕಾದಿದ್ದಕ್ಕೆ ಸಾರ್ಥಕವಾಯಿತು ಎಂದುಕೊಂಡೆವು. ಎರಡು ತಿಂಗಳು ಕಳೆಯುವಷ್ಟರಲ್ಲಿ ಅದೇ ಗುಂಪಿನಲ್ಲಿ ಇನ್ನೊಂದು ಸಂದೇಶ ಬಂತು: ‘ಸೆಕೆಂಡ್ ಹ್ಯಾಂಡ್ ಸ್ಕೂಟರ್ ಬೇಕಿತ್ತು, ಯಾರಾದ್ರೂ ಮಾರೋರಿದ್ರೆ ಹೇಳಿ’. ಹಾಕಿದವಳು ನಮ್ಮ ಬ್ಯಾಚಿನವಳೇ. ಇಂಟರ್ನ್‌ಶಿಪ್‌ಗೆಂದು ದಿನಾ ಮೆಟ್ರೊದಲ್ಲಿ ಹೋಗಿಬರುತ್ತಿದ್ದವಳು. ‘ಮೆಟ್ರೊ ಇದೆಯಲ್ಲೇ’ ಎಂದು ಯಾರೋ ಕೇಳಿದ್ದಕ್ಕೆ ಅವಳ ಉತ್ತರ ಒಂದೇ ಸಾಲು: ‘ಮೆಟ್ರೊ ಇದೆ, ಮೆಟ್ರೊವರೆಗೆ ಹೋಗೋಕಾಗಲ್ಲ’.

ಅವಳ ಪಿ.ಜಿ.ಯಿಂದ ನಿಲ್ದಾಣಕ್ಕೆ ಇರುವುದು 800 ಮೀಟರ್. ಸಾಮಾನ್ಯ ವೇಗದಲ್ಲಿ, ಅಂದರೆ ಸೆಕೆಂಡಿಗೆ 1.2 ಮೀಟರಿನಂತೆ ನಡೆದರೆ 11 ನಿಮಿಷ. ಹಳ್ಳಿಯಲ್ಲಿ ಹಾಲಿನ ಡೇರಿಗೆ ಹೋಗಿಬರುವ ದೂರ. ಆದರೆ ರಾತ್ರಿ ಎಂಟರ ಮೇಲೆ ಆ ದಾರಿಯಲ್ಲಿ ನಡೆಯಲು ಅವಳಿಗೆ ಧೈರ್ಯ ಸಾಲುವುದಿಲ್ಲ. ಆಟೊ ಹಿಡಿಯೋಣವೆಂದರೆ, 2025ರ ಆಗಸ್ಟಿನಿಂದ ಬೆಂಗಳೂರಿನಲ್ಲಿ ಆಟೊದ ಕನಿಷ್ಠ ದರ 36 ರೂ. ಅದೂ ಮೀಟರ್ ಹಾಕಿದರೆ. ಮೆಟ್ರೊ ಟಿಕೆಟ್ಟಿನ ಗರಿಷ್ಠ ದರ ಫೆಬ್ರುವರಿಯಲ್ಲಿ 60ರಿಂದ 90 ರೂ.ಗೆ ಏರಿದ್ದಕ್ಕೆ ನಾವೆಲ್ಲ ಕೂಗಾಡಿದೆವು. ಆದರೆ ಐದಾರು ಕಿ.ಮೀ. ರೈಲಿಗೆ 30 ರೂ. ಕೊಡುವವಳು 800 ಮೀಟರ್ ಆಟೊಗೆ 36 ರೂ. ಕೊಡಬೇಕಾಗಿರುವುದರ ಬಗ್ಗೆ ಯಾರೂ ಧರಣಿ ಕೂರಲಿಲ್ಲ. ಹೋಗುತ್ತ ಬರುತ್ತ ದಿನಕ್ಕೆ 72 ರೂ. ತಿಂಗಳಿಗೆ 24 ದಿನವೆಂದರೆ 1,728 ರೂ. ಹಳೆಯ ಸ್ಕೂಟರಿನ ಕಂತಿನ ಹತ್ತಿರ ಹತ್ತಿರಕ್ಕೆ ಬಂತು. ಹಾಗಿದ್ದ ಮೇಲೆ ಸ್ಕೂಟರೇ ಇರಲಿ ಎಂದು ಅವರಪ್ಪ ಹೇಳಿದ್ದರಲ್ಲಿ ತಪ್ಪೇನಿದೆ?

ಸಾವಿರಾರು ಕೋಟಿ ಸುರಿದು ರಸ್ತೆಯಿಂದ ವಾಹನ ಇಳಿಸಲು ಕಟ್ಟಿದ ಮೆಟ್ರೊ, ಈ 800 ಮೀಟರಿನಲ್ಲಿ ಸೋತು ರಸ್ತೆಗೆ ಇನ್ನೊಂದು ಸ್ಕೂಟರ್ ಸೇರಿಸಿತು.

ನಾನು ಸಿವಿಲ್ ಎಂಜಿನಿಯರಿಂಗ್ ಓದುವವನು. ಐದನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದೆವು. ಸೇತುವೆಯ ಮಾದರಿ ಮಾಡಿ ಅಂಕ ಗಿಟ್ಟಿಸುವ ಬದಲು ನಾವು ನಾಲ್ವರು ಆ 800 ಮೀಟರನ್ನೇ ಅಳೆದುಬಿಡೋಣ ಎಂದುಕೊಂಡು 30 ಮೀಟರಿನ ಟೇಪು, ಒಂದು ನೋಟ್‌ಬುಕ್ಕು ಹಿಡಿದು ಹೊರಟೆವು. ಯಾವ ನಿಲ್ದಾಣ ಎಂದು ಹೇಳುವುದಿಲ್ಲ. ನೀವು ನಿಮ್ಮ ನಿಲ್ದಾಣದ ಹೆಸರನ್ನೇ ಹಾಕಿಕೊಂಡು ಓದಿದರೂ ಹೆಚ್ಚು ವ್ಯತ್ಯಾಸವಾಗದು.

ಮೊದಲ ನೂರಿಪ್ಪತ್ತು ಮೀಟರ್ ಚೆನ್ನಾಗಿಯೇ ಇದೆ. ಆಮೇಲೆ ಒಂದು ಅಪಾರ್ಟ್‌ಮೆಂಟಿನ ಕಾರು ಇಳಿಯುವ ಇಳಿಜಾರು ಫುಟ್‌ಪಾತನ್ನು ಸೀಳಿಕೊಂಡು ರಸ್ತೆಯವರೆಗೆ ಬಂದಿದೆ. ಅದನ್ನು ದಾಟಿ ಮತ್ತೆ ಹತ್ತಬೇಕು. ಹತ್ತಿದರೆ ಎದುರಿಗೆ ಟ್ರಾನ್ಸ್‌ಫಾರ್ಮರ್. ಅದಕ್ಕೂ ಕಾಂಪೌಂಡಿಗೂ ನಡುವೆ ಉಳಿದಿರುವುದು 45 ಸೆಂ.ಮೀ. ಮುಂದೆ ಕೇಬಲ್ ಎಳೆಯಲು ಎತ್ತಿದ ಚಪ್ಪಡಿಯನ್ನು ಹಾಗೆಯೇ ಪಕ್ಕಕ್ಕಿಟ್ಟು ಹೋಗಿದ್ದಾರೆ. ಗುಂಡಿ ಇದೆ ಎಂದು ತಿಳಿಯಲಿ ಎಂದು ಯಾರೋ ಪುಣ್ಯಾತ್ಮರು ಒಂದು ಹೊಂಗೆ ಕೊಂಬೆ ಸಿಕ್ಕಿಸಿದ್ದಾರೆ. ಬೆಂಗಳೂರಿನಲ್ಲಿ ಅದೇ ಅಧಿಕೃತ ಎಚ್ಚರಿಕೆ ಫಲಕ. ಮುಂದೆ ಕಾರುಗಳ ಸಾಲು, ಅದರಾಚೆ ಬಸ್ ತಂಗುದಾಣ. ತಂಗುದಾಣ ಫುಟ್‌ಪಾತಿನ ಪೂರ್ತಿ ಅಗಲವನ್ನು ತಿಂದಿರುವುದರಿಂದ ಬಸ್ಸಿಗೆ ಕಾಯುವವರು, ನಡೆಯುವವರು ಇಬ್ಬರೂ ರಸ್ತೆಯಲ್ಲೇ. ಕೊನೆಗೆ ಮೆಟ್ರೊ ನಿಲ್ದಾಣದ ಮೆಟ್ಟಿಲು. ಅದು ಇಳಿದಿರುವುದೂ ಫುಟ್‌ಪಾತಿನ ಮೇಲೆಯೇ. ಬದಿಯಲ್ಲಿ ಉಳಿದದ್ದು 70 ಸೆಂ.ಮೀ. ಗಾಲಿಕುರ್ಚಿಗೆ ಕನಿಷ್ಠ 90 ಸೆಂ.ಮೀ. ಬೇಕು. ಒಳಗೆ ಹೊಳೆಯುವ ಲಿಫ್ಟ್ ಇದೆ, ಅಂಧರಿಗಾಗಿ ಉಬ್ಬುಗೆರೆಯ ಟೈಲ್ಸ್ ಇವೆ. ಲಿಫ್ಟಿನವರೆಗೆ ಬರಲು ಅವರು ಹಾರಿಯೇ ಬರಬೇಕು.

800 ಮೀಟರಿನಲ್ಲಿ ನಾವು 14 ಸಲ ರಸ್ತೆಗಿಳಿದಿದ್ದೆವು.

ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿ, ಅಂದರೆ ಐಆರ್‌ಸಿ 103, ಏನು ಹೇಳುತ್ತದೆ ಎಂದು ನಮ್ಮ ಗ್ರಂಥಾಲಯದಲ್ಲಿ ತೆಗೆದು ನೋಡಿದೆವು. ವಸತಿ ಪ್ರದೇಶದಲ್ಲೂ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ರಸ್ತೆಯಿಂದ ಫುಟ್‌ಪಾತಿನ ಎತ್ತರ 15 ಸೆಂ.ಮೀ. ಮೀರಬಾರದು. ನಾವು ಅಳೆದ ಕಡೆ ಎತ್ತರ 30 ಸೆಂ.ಮೀ. ದಾಟಿದ್ದು ಅಪರೂಪವಲ್ಲ. ನನ್ನ ಅಜ್ಜಿ ಹಾಸನದಿಂದ ಬಂದಾಗ ಫುಟ್‌ಪಾತ್ ಹತ್ತುವುದೇ ಇಲ್ಲ. ‘ಗೇಟಿಗೊಂದು ಸಲ ಹತ್ತಿ ಇಳಿಯೋದಕ್ಕಿಂತ ರಸ್ತೆ ಅಂಚೇ ವಾಸಿ ಕಣೋ, ಮಂಡಿ ಉಳಿಯುತ್ತೆ’ ಅನ್ನುತ್ತಾರೆ. ‘ಫುಟ್‌ಪಾತ್ ಇದ್ದರೂ ಜನ ರಸ್ತೆಯಲ್ಲಿ ನಡೆಯುತ್ತಾರೆ’ ಎಂದು ಬೈಯುವವರು ಒಮ್ಮೆ ಅರವತ್ತೈದು ದಾಟಿದವರನ್ನು ಜೊತೆಗೆ ಕರೆದುಕೊಂಡು ನಡೆಯಬೇಕು.

ಯಾಕೆ ಹೀಗಾಗುತ್ತದೆ? ಇದಕ್ಕೆ ಎಂಜಿನಿಯರಿಂಗ್ ಕಾರಣವೂ ಇದೆ. ನಮ್ಮೂರುಗಳಲ್ಲಿ ಫುಟ್‌ಪಾತ್ ಎಂಬುದು ಹೆಚ್ಚಿನ ಕಡೆ ಮಳೆನೀರಿನ ಚರಂಡಿಯ ಮುಚ್ಚಳ. ಚರಂಡಿ ಕಟ್ಟುತ್ತಾರೆ, ಮೇಲೆ ಚಪ್ಪಡಿ ಹಾಸುತ್ತಾರೆ, ಅದನ್ನೇ ಫುಟ್‌ಪಾತ್ ಅನ್ನುತ್ತಾರೆ. ಅದರ ಎತ್ತರವನ್ನು ನಿರ್ಧರಿಸುವುದು ಚರಂಡಿಯ ಮಟ್ಟ, ನಡೆಯುವವರ ಕಾಲಲ್ಲ. ರಸ್ತೆಗೆ ಹಳೆಯ ಡಾಂಬರನ್ನು ಕೆರೆಯದೆ ಮೇಲಿಂದ ಮೇಲೆ ಹೊಸ ಪದರ ಹಾಕಿದರೆ ರಸ್ತೆ ಏರುತ್ತದೆ, ಮನೆಗಳಿಗೆ ನೀರು ನುಗ್ಗುತ್ತದೆ, ಆಗ ಚರಂಡಿಯ ಗೋಡೆ ಏರಿಸುತ್ತಾರೆ, ಚಪ್ಪಡಿಯೂ ಮೇಲೇರುತ್ತದೆ. ಆ ಚಪ್ಪಡಿಯ ಕೆಳಗೇ ಕೇಬಲ್ಲು, ಕೊಳವೆ. ಯಾರಿಗೆ ಏನು ಬೇಕಾದರೂ ಅದನ್ನು ಎತ್ತಲೇಬೇಕು. ಮತ್ತೆ ಸಮನಾಗಿ ಕೂರಿಸುವ ಹೊಣೆ ಮಾತ್ರ ಯಾರದ್ದೂ ಅಲ್ಲ.

ಇದಕ್ಕೆ ಪರಿಹಾರ ಗೊತ್ತಿಲ್ಲವೆಂದಲ್ಲ. ರೆಸಿಡೆನ್ಸಿ ರಸ್ತೆ, ವಿಠ್ಠಲ ಮಲ್ಯ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಮಾಡಿರುವುದನ್ನು ಯಾರು ಬೇಕಾದರೂ ಹೋಗಿ ನಡೆದು ನೋಡಬಹುದು. ಕೇಬಲ್‌ಗಳಿಗೆ ನೆಲದಡಿ ಪ್ರತ್ಯೇಕ ಕೊಳವೆ, ಅಲ್ಲಲ್ಲಿ ಇಳಿದು ರಿಪೇರಿ ಮಾಡಲು ಚೇಂಬರು, ಮೇಲೆ ಅಗೆಯಬೇಕಿಲ್ಲದ ಅಗಲವಾದ ಹಾದಿ. ದುಬಾರಿ ಎಂಬುದು ನಿಜ. ನನ್ನ ತಕರಾರು ಬೇರೆ. ಅದು ಮೊದಲು ಬಂದದ್ದು ಊರಿನ ನಡುಭಾಗಕ್ಕೆ, ದೊಡ್ಡ ಹೋಟೆಲು, ದೊಡ್ಡ ಕಚೇರಿಗಳಿರುವ ಬೀದಿಗಳಿಗೆ. ಗಾರ್ಮೆಂಟ್ಸ್ ಕಾರ್ಖಾನೆ ಬಿಡುವ ಹೊತ್ತಿಗೆ ಮೈಸೂರು ರಸ್ತೆಯಲ್ಲೋ ಹೊಸೂರು ರಸ್ತೆಯಲ್ಲೋ ಬಸ್ಸಿಗೆಂದು ಸಾಲುಗಟ್ಟಿ ನಡೆಯುವ ಹೆಣ್ಣುಮಕ್ಕಳ ದಾರಿಗೆ ಅಂಥದ್ದು ಯಾವಾಗ ಬರುತ್ತದೆ?

ಇನ್ನೊಂದು ಕಾರಣ ನಮ್ಮ ಪಠ್ಯಪುಸ್ತಕದೊಳಗೇ ಇದೆ. ರಸ್ತೆಯಲ್ಲಿ ಎಷ್ಟು ಸಂಚಾರವಿದೆ ಎಂದು ಲೆಕ್ಕ ಹಾಕಲು ನಾವು ಪಿಸಿಯು ಎಂಬ ಅಳತೆ ಕಲಿಯುತ್ತೇವೆ. ಎಲ್ಲ ವಾಹನವನ್ನೂ ಕಾರಿನ ಲೆಕ್ಕಕ್ಕೆ ಇಳಿಸುವ ವಿಧಾನ ಅದು. ಕಾರಿಗೆ 1, ಬಸ್ಸಿಗೆ 3ರ ಆಸುಪಾಸು, ಸೈಕಲ್ಲಿಗೆ ಸುಮಾರು ಅರ್ಧ. ಬಸ್ಸಿನಲ್ಲಿ ಅರವತ್ತು ಜನರಿದ್ದರೂ ಅದು ಮೂರು ಕಾರಿನಷ್ಟು ‘ತೊಂದರೆ’. ನಡೆಯುವವರಿಗೆ ಆ ಪಟ್ಟಿಯಲ್ಲಿ ಸಾಲೇ ಇಲ್ಲ. ಪಾದಚಾರಿಗಳನ್ನು ಎಣಿಸುವ ಕ್ರಮ ಬೇರೆ ಅಧ್ಯಾಯದಲ್ಲಿ ಇದೆ, ಆದರೆ ಪರೀಕ್ಷೆಯಲ್ಲಿ ಅದು ಬರುವುದು ಕಡಿಮೆ, ಹಾಗಾಗಿ ಓದುವುದೂ ಕಡಿಮೆ. ಜಂಕ್ಷನ್ ವಿನ್ಯಾಸದ ಲೆಕ್ಕ ಶುರುವಾಗುವುದೇ ಪಿಸಿಯುನಿಂದ. ಎಣಿಸದೇ ಇದ್ದವರಿಗೆ ಜಾಗ ಸಿಗದೇ ಹೋಗುವುದರಲ್ಲಿ ಆಶ್ಚರ್ಯವೇನು? ರಸ್ತೆ ಅಗಲ ಮಾಡುವಾಗ ಮೊದಲು ಫುಟ್‌ಪಾತಿಗೆ ಕತ್ತರಿ ಬೀಳುವುದು ಯಾರದೋ ದುಷ್ಟತನದಿಂದಲ್ಲ. ನಮ್ಮ ಲೆಕ್ಕದ ಹಾಳೆಯೇ ಹಾಗೆ ಹೇಳುತ್ತದೆ.

ಎಣಿಸದವರ ಸಾವು ಮಾತ್ರ ಎಣಿಕೆಗೆ ಸಿಗುತ್ತದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಜನ ನಡೆದುಹೋಗುತ್ತಿದ್ದವರು. ದಿನಕ್ಕೆ ಸುಮಾರು 90. ಬಸ್ ನಿಲ್ದಾಣಕ್ಕೆ ಹೋಗಲು ರಸ್ತೆ ದಾಟುತ್ತಿದ್ದವರು, ಇಳಿದು ಮನೆಗೆ ಹೊರಟವರು ಇವರಲ್ಲಿ ಎಷ್ಟು ಮಂದಿಯೋ. ಬಸ್ಸಿನಲ್ಲಿ ಹೋಗುವ ಪ್ರತಿಯೊಬ್ಬರೂ ದಿನಕ್ಕೆ ಒಂದು ಸಲವಾದರೂ ರಸ್ತೆ ದಾಟಲೇಬೇಕಲ್ಲ. ಹೋಗುವಾಗ ಈ ಬದಿ ಹತ್ತಿದರೆ ಬರುವಾಗ ಆ ಬದಿ ಇಳಿಯಬೇಕು.

ದಾಟುವ ವಿಷಯಕ್ಕೆ ಬಂದರೆ, ವೇಗದ ಲೆಕ್ಕವೊಂದನ್ನು ಹೇಳಲೇಬೇಕು. ಪಿಯುಸಿ ಭೌತಶಾಸ್ತ್ರ ಸಾಕು ಇದಕ್ಕೆ. ಚಾಲಕನಿಗೆ ಎದುರಿಗೆ ಜನ ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್ ಬೇಕೆಂದಿಟ್ಟುಕೊಳ್ಳಿ. ಒಣ ರಸ್ತೆ, ಒಳ್ಳೆಯ ಬ್ರೇಕು. ಗಂಟೆಗೆ 30 ಕಿ.ಮೀ. ವೇಗದಲ್ಲಿ ಬರುತ್ತಿರುವ ಕಾರು ಆ ಒಂದು ಸೆಕೆಂಡಿನಲ್ಲಿ 8 ಮೀಟರಿಗೆ ತುಸು ಹೆಚ್ಚು ಚಲಿಸಿ, ಬ್ರೇಕ್ ಬಿದ್ದ ಮೇಲೆ ಇನ್ನೊಂದು 5 ಮೀಟರ್ ಜಾರಿ, ಒಟ್ಟು 13 ಮೀಟರಿನಲ್ಲಿ ನಿಲ್ಲುತ್ತದೆ. ಅದೇ ಕಾರು 50ರಲ್ಲಿ ಬರುತ್ತಿದ್ದರೆ ಆ ಮೊದಲ ಸೆಕೆಂಡಿನಲ್ಲೇ ಸುಮಾರು 14 ಮೀಟರ್ ದಾಟಿರುತ್ತದೆ. ಅಂದರೆ 30ರ ಕಾರು ಪೂರ್ತಿ ನಿಂತ ಜಾಗದಲ್ಲಿ 50ರ ಕಾರು ಇನ್ನೂ ಬ್ರೇಕನ್ನೇ ಒತ್ತಿರುವುದಿಲ್ಲ; ಪೂರಾ 50ರಲ್ಲೇ ಇರುತ್ತದೆ. ಒಂದು ಅಜ್ಜಿಯ ಬದುಕು ಸಾವಿನ ನಡುವೆ ಇರುವುದು ಆ 20 ಕಿ.ಮೀ. ಅಂತರ. ಜನ ನಡೆಯುವ, ಸೈಕಲ್ ಓಡಾಡುವ ಜಾಗಗಳಲ್ಲಿ 30ರ ಮಿತಿ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ.

ನಿಲ್ದಾಣದ ಸುತ್ತಲಿನ 500 ಮೀಟರಿನಲ್ಲಿ ವೇಗ ತಗ್ಗಿಸಿದರೆ ಸಂಚಾರ ನಿಂತೇಹೋಗುತ್ತದೆ ಎನ್ನುವವರಿದ್ದಾರೆ. ಬೆಂಗಳೂರಿನಲ್ಲಿ ಹಗಲು ಹೊತ್ತು 30ರಲ್ಲಿ ಹೋಗಲು ಸಿಕ್ಕರೆ ನಾವು ದೇವರಿಗೆ ಕೈಮುಗಿಯುತ್ತೇವೆ. ತೊಂದರೆ ಇರುವುದು ಬೆಳಗಿನ ಜಾವ, ರಾತ್ರಿ ಒಂಬತ್ತರ ಮೇಲೆ, ರಸ್ತೆ ಖಾಲಿಯಿದ್ದಾಗ. ಸೆಕೆಂಡ್ ಶಿಫ್ಟ್ ಮುಗಿಸಿ ಬಸ್ಸಿಳಿಯುವವರು ದಾಟುವುದೂ ಆಗಲೇ.

ದಾಟಲು ನಾವು ಕೊಡುವ ಉತ್ತರ ಸ್ಕೈವಾಕ್. ನನಗೆ ಇದರ ಮೇಲೆ ಸಿಟ್ಟಿದೆ, ಬಚ್ಚಿಡುವುದಿಲ್ಲ. ರಸ್ತೆಯ ಮೇಲೆ ಐದೂವರೆ ಮೀಟರ್ ಖಾಲಿ ಬಿಟ್ಟು, ಅದರ ಮೇಲೆ ತೊಲೆಯ ದಪ್ಪ ಸೇರಿಸಿದರೆ ಆರೂವರೆ ಮೀಟರ್ ಹತ್ತಬೇಕು. ಮೆಟ್ಟಿಲಿಗೆ 15 ಸೆಂ.ಮೀ.ನಂತೆ 43 ಮೆಟ್ಟಿಲು ಹತ್ತಿ, ಮತ್ತೆ 43 ಇಳಿಯಬೇಕು. ಎರಡು ಮಹಡಿ ಹತ್ತಿ ಇಳಿದಂತೆ. ಲಿಫ್ಟ್ ಇರುವಲ್ಲಿ ಅದು ಕೆಲಸ ಮಾಡುವುದು ದೈವಕೃಪೆ. ಗಾಡಿಯಲ್ಲಿ ಕೂತವರು ಕಾಲಿನ ತುದಿ ಒತ್ತಿದರೆ ಮುಗಿಯುವ ಕೆಲಸಕ್ಕೆ, ಕಾಲ್ನಡಿಗೆಯವರು ಎರಡು ಮಹಡಿ ಹತ್ತಬೇಕೆನ್ನುವುದು ಯಾವ ನ್ಯಾಯ? ಹೆದ್ದಾರಿಯಂಥ ಅಗಲದ ರಸ್ತೆಗೆ ಅದು ಅನಿವಾರ್ಯ ಇರಬಹುದು. ಆದರೆ 18 ಮೀಟರ್ ಅಗಲದ ಊರೊಳಗಿನ ರಸ್ತೆಗೆ ಬೇಕಿರುವುದು ನೆಲಮಟ್ಟದ ದಾಟು, ಮಧ್ಯೆ ನಿಂತುಕೊಳ್ಳಲು ಒಂದು ದ್ವೀಪ, ಸಾಕಷ್ಟು ಸೆಕೆಂಡ್ ಹಸಿರು ದೀಪ. 18 ಮೀಟರಿಗೆ ನಮ್ಮ ವೇಗದಲ್ಲಿ 15 ಸೆಕೆಂಡ್ ಬೇಕು. ಅಜ್ಜಿಯ ವೇಗ ಸೆಕೆಂಡಿಗೆ 0.8 ಮೀಟರ್ ಎಂದರೆ 22 ಸೆಕೆಂಡ್. ನಾವು ನಿಂತು ಎಣಿಸಿದ ಸಿಗ್ನಲ್ಲಿನಲ್ಲಿ ನಡೆಯುವವರಿಗೆ ಸಿಗುತ್ತಿದ್ದುದು 10.

ಹುಬ್ಬಳ್ಳಿ-ಧಾರವಾಡದ ಗೆಳೆಯರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. 2018ರಲ್ಲಿ ಓಡಾಟ ಶುರು ಮಾಡಿದ ಚಿಗರಿ ಬಸ್ಸಿನ ನಿಲ್ದಾಣಗಳಿರುವುದು ರಸ್ತೆಯ ನಟ್ಟನಡುವೆ. ಯಾವ ಬದಿಯಿಂದ ಬಂದರೂ ಅರ್ಧ ರಸ್ತೆ ದಾಟದೆ ಬಸ್ ಹತ್ತುವಂತಿಲ್ಲ. ಅಂಥಲ್ಲಿ ದಾಟುಪಟ್ಟೆ ನಿಲ್ದಾಣದ ಬಾಗಿಲು ಇದ್ದಂತೆ. ಬಾಗಿಲಿಲ್ಲದ ಮನೆ ಕಟ್ಟಿ, ಒಳಗೆ ಏಸಿ ಹಾಕಿದರೆ ಏನು ಬಂತು?

ಈಗ ಒಂದು ಸರಳ ಜ್ಯಾಮಿತಿ. ನಿಲ್ದಾಣವನ್ನು ಕೇಂದ್ರವಾಗಿಟ್ಟುಕೊಂಡು ಹತ್ತು ನಿಮಿಷದಲ್ಲಿ ನಡೆದು ಬರಬಹುದಾದ ವೃತ್ತ ಎಳೆಯಿರಿ. ತ್ರಿಜ್ಯ 720 ಮೀಟರ್. ಅಡ್ಡಗೋಡೆ, ದಾಟಲಾಗದ ರಸ್ತೆ, ಸುತ್ತುಬಳಸಿನಿಂದಾಗಿ ಅದೇ ಹತ್ತು ನಿಮಿಷದಲ್ಲಿ ತಲುಪುವ ದೂರ ಅರ್ಧಕ್ಕಿಳಿದರೆ, ಆ ವೃತ್ತದ ವಿಸ್ತೀರ್ಣ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ವಿಸ್ತೀರ್ಣ ತ್ರಿಜ್ಯದ ವರ್ಗವಲ್ಲವೇ? ಅಲ್ಲಿಗೆ ನಿಲ್ದಾಣದ ನಾಲ್ವರು ಸಂಭಾವ್ಯ ಪ್ರಯಾಣಿಕರಲ್ಲಿ ಮೂವರು ಕೈಬಿಟ್ಟುಹೋದರು. ಇನ್ನು ಸೈಕಲ್ಲಿನ ಲೆಕ್ಕ. ಗಂಟೆಗೆ 15 ಕಿ.ಮೀ. ಎಂದರೂ ಹತ್ತು ನಿಮಿಷದಲ್ಲಿ ಎರಡೂವರೆ ಕಿ.ಮೀ. ವಿಸ್ತೀರ್ಣದಲ್ಲಿ ನಡಿಗೆಯ ವೃತ್ತಕ್ಕಿಂತ 12 ಪಟ್ಟು ದೊಡ್ಡದು. ಹೊಸ ನಿಲ್ದಾಣವನ್ನೇ ಕಟ್ಟದೆ ಇರುವ ನಿಲ್ದಾಣಕ್ಕೆ ಹನ್ನೆರಡು ಪಟ್ಟು ಜನವಸತಿಯನ್ನು ಜೋಡಿಸುವ ಇದಕ್ಕಿಂತ ಅಗ್ಗದ ದಾರಿ ನನಗಂತೂ ಕಾಣುತ್ತಿಲ್ಲ.

ಆದರೆ ಸೈಕಲ್ಲಿನ ವಿಷಯದಲ್ಲಿ ಬೆಂಗಳೂರಿನ ಚರಿತ್ರೆ ಉತ್ಸಾಹ ಕೊಡುವಂಥದ್ದಲ್ಲ. ದಶಕದ ಹಿಂದೆ ಜಯನಗರದಲ್ಲಿ ಸೈಕಲ್ ಪಥ ಮಾಡಿದರು, ಅದರ ಮೇಲೆ ಕಾರು ನಿಂತವು. ಕೋವಿಡ್ ಕಾಲದಲ್ಲಿ, 2020ರಲ್ಲಿ, ಹೊರವರ್ತುಲ ರಸ್ತೆಯಲ್ಲಿ ಗಿಡ್ಡ ಕಂಬ ನೆಟ್ಟು ತಾತ್ಕಾಲಿಕ ಪಥ ಮಾಡಿದರು, ಕೆಲವು ಕಾಲದಲ್ಲೇ ಕಂಬಗಳು ಮಾಯ. ಅತ್ತ ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂದಾಗ ದೇಶವೇ ತಿರುಗಿ ನೋಡಿತ್ತು. ನಮ್ಮ ಮೆಟ್ರೊದಲ್ಲಿ ಮಡಚುವ ಸೈಕಲ್ ಒಯ್ಯಲು ಅವಕಾಶವಿದೆ, ಒಳ್ಳೆಯದೇ. ಆದರೆ ಒಳ್ಳೆಯ ಮಡಚುವ ಸೈಕಲ್ಲಿನ ಬೆಲೆಗೆ ನಮ್ಮಲ್ಲಿ ಹಲವರು ಲ್ಯಾಪ್‌ಟಾಪ್ ಕೊಂಡಿದ್ದಾರೆ. ಸಾಮಾನ್ಯ ಸೈಕಲ್ಲನ್ನು ನಿಲ್ದಾಣದ ಬುಡದಲ್ಲಿ ಕಳ್ಳರ ಭಯವಿಲ್ಲದೆ ಬೀಗ ಹಾಕಿ ನಿಲ್ಲಿಸಲು ನಾಲ್ಕು ಕಬ್ಬಿಣದ ಕಮಾನು, ಒಂದು ಕ್ಯಾಮೆರಾ, ಮೇಲೊಂದು ಶೀಟು ಸಾಕು.

ನೆದರ್ಲೆಂಡ್ಸ್ ಉದಾಹರಣೆ ಕೊಟ್ಟರೆ ‘ಅಲ್ಲಿಯ ಜನ ಬೇರೆ, ಹವೆ ಬೇರೆ’ ಎನ್ನುತ್ತಾರೆ. ಹವೆಯ ವಿಷಯ ಬಿಡಿ, ವರ್ಷವಿಡೀ ಜಿಟಿಜಿಟಿ ಮಳೆ, ಚಳಿಗಾಳಿಯ ಆ ದೇಶಕ್ಕಿಂತ ಬೆಂಗಳೂರಿನ ಹವೆ ಸೈಕಲ್ಲಿಗೆ ಎಷ್ಟೋ ಮೇಲು. ಜನರೂ ಮೊದಲಿನಿಂದ ಹಾಗಿರಲಿಲ್ಲ. ಅಲ್ಲಿಯೂ ಕಾರಿನ ಹುಚ್ಚು ಹಿಡಿದಿತ್ತು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಅಪ್ಪ ಅಮ್ಮಂದಿರು ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ಬೀದಿಗಿಳಿದರು. 1973ರ ತೈಲ ಬಿಕ್ಕಟ್ಟೂ ಸೇರಿಕೊಂಡಿತು. ಸರ್ಕಾರ ರಸ್ತೆಯ ವಿನ್ಯಾಸ ಬದಲಿಸಿತು. ಇವತ್ತು ಅಲ್ಲಿ ರೈಲು ಹತ್ತುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ನಿಲ್ದಾಣಕ್ಕೆ ಬರುವುದು ಸೈಕಲ್ಲಿನಲ್ಲಿ. ಉಟ್ರೆಕ್ಟ್ ನಿಲ್ದಾಣದ ಕೆಳಗೆ 12,500 ಸೈಕಲ್ ನಿಲ್ಲಿಸುವ ಜಾಗವಿದೆ.

ಕಾನೂನು ನಮ್ಮಲ್ಲಿಲ್ಲವೇ? ಧಾರಾಳ ಇದೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ವಾಹನಗಳಿಗಿಂತ ಜನರ ಚಲನೆ ಮುಖ್ಯ ಎಂದಿದೆ. 2017ರ ಮೆಟ್ರೊ ರೈಲು ನೀತಿಯಂತೆ, ಹೊಸ ಯೋಜನೆ ಕೇಳುವ ರಾಜ್ಯ ನಿಲ್ದಾಣದ ಸುತ್ತ 5 ಕಿ.ಮೀ.ವರೆಗೆ ಸಂಪರ್ಕ ಬಸ್ಸು, ನಡಿಗೆ ಮತ್ತು ಸೈಕಲ್ ಹಾದಿ ಕಲ್ಪಿಸುವ ಭರವಸೆ ಕೊಡಬೇಕು. 2025ರ ಮೇ 14ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಅಭಯ್ ಎಸ್. ಓಕಾ ಮತ್ತು ಉಜ್ಜಲ್ ಭುಯಾನ್ ಅವರ ಪೀಠ, ಅಡೆತಡೆಯಿಲ್ಲದ ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಬರುತ್ತದೆ ಎಂದಿತು. ಅಂಗವಿಕಲರಿಗೂ ಬಳಸಲು ಬರುವಂತಿರಬೇಕು ಎಂದೂ ಹೇಳಿತು. ಇದು ಪತ್ರಿಕೆಗಳಲ್ಲಿ ಒಂದು ದಿನ ಸುದ್ದಿಯಾಗಿ ಮರೆಯಾಯಿತು. ಬದುಕುವ ಹಕ್ಕು ಎಂದ ಮೇಲೆ ಕೊಂಬೆ ಸಿಕ್ಕಿಸಿದ ಗುಂಡಿಗೆ ಯಾರಾದರೂ ಉತ್ತರ ಕೊಡಬೇಕಲ್ಲ?

ಉತ್ತರ ಕೊಡುವವರು ಯಾರು ಎಂಬುದೇ ಸಿಕ್ಕು. ನಿಲ್ದಾಣ ಮೆಟ್ರೊ ನಿಗಮದ್ದು, ಅದರ ಗೇಟಿನಾಚೆ ಪಾಲಿಕೆಯದ್ದು. ಕಂಬ, ಟ್ರಾನ್ಸ್‌ಫಾರ್ಮರ್ ವಿದ್ಯುತ್ ಕಂಪನಿಯದ್ದು. ಮ್ಯಾನ್‌ಹೋಲ್ ಜಲಮಂಡಳಿಯದ್ದು. ಬಸ್ಸು ಸಾರಿಗೆ ಸಂಸ್ಥೆಯದ್ದು, ಸಿಗ್ನಲ್ಲಿನ ಸಮಯ ಸಂಚಾರ ಪೊಲೀಸರದ್ದು. ಇವರನ್ನೆಲ್ಲ ಒಂದೇ ಮೇಜಿಗೆ ಕೂರಿಸಲೆಂದೇ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಮಸೂದೆ 2022ರಲ್ಲಿ ಸದನದ ಒಪ್ಪಿಗೆ ಪಡೆಯಿತು. ಈಗ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ, ಅದರಡಿ ಐದು ಪಾಲಿಕೆಗಳು. ನನ್ನ ಮಟ್ಟಿಗೆ ಕೇಳುವುದು ಸಣ್ಣದು: ಪ್ರತಿ ಮೆಟ್ರೊ ನಿಲ್ದಾಣದ ಸುತ್ತಲಿನ 500 ಮೀಟರಿಗೆ ಒಬ್ಬನೇ ಎಂಜಿನಿಯರ್ ಹೊಣೆಗಾರನಾಗಲಿ, ಅವನ ಹುದ್ದೆ ಮತ್ತು ಫೋನ್ ಸಂಖ್ಯೆ ನಿಲ್ದಾಣದ ಗೋಡೆಯಲ್ಲಿರಲಿ. ಚಪ್ಪಡಿ ಯಾರದೇ ಆಗಿರಲಿ, ಮುಚ್ಚಿಸುವುದು ಅವನ ಕೆಲಸ.

ಬೆಳಕಿನ ವಿಷಯ ಬಿಟ್ಟುಹೋಗಬಾರದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತ. ನನ್ನ ಅಕ್ಕ, ಅತ್ತೆ, ಅವರ ಗೆಳತಿಯರ ಓಡಾಟ ಹೆಚ್ಚಿದ್ದನ್ನು ನಾನೇ ಕಂಡಿದ್ದೇನೆ. ಬಸ್ಸಿನೊಳಗೆ ಉಚಿತ, ಬಸ್ಸಿನವರೆಗಿನ ದಾರಿಗೆ ಮಾತ್ರ ಧೈರ್ಯವೆಂಬ ಟಿಕೆಟ್. ನಮ್ಮ ಬೀದಿದೀಪಗಳ ತೋಳು ಚಾಚಿರುವುದು ರಸ್ತೆಯ ಕಡೆಗೆ. ಕಾರುಗಳಿಗೆ ತಮ್ಮದೇ ದೀಪವಿದ್ದರೂ ಬೆಳಕೆಲ್ಲ ಅವಕ್ಕೇ. ಮರಗಳ ಕೊಂಬೆಯಡಿ ಫುಟ್‌ಪಾತ್ ಕಗ್ಗತ್ತಲು. ಅದೇ ಕಂಬಕ್ಕೆ ನಾಲ್ಕು ಮೀಟರ್ ಎತ್ತರದಲ್ಲಿ ಹಿಂದಕ್ಕೆ ಬೆಳಕು ಚೆಲ್ಲುವ ಇನ್ನೊಂದು ಸಣ್ಣ ದೀಪ ಹಾಕಿದರೆ ಮುಗಿಯಿತು. ಹೊಸ ಕಂಬವೂ ಬೇಡ.

ಇಲ್ಲಿ ಬೀದಿ ವ್ಯಾಪಾರಿಗಳ ಪರವಾಗಿಯೂ ಎರಡು ಮಾತು. ಫುಟ್‌ಪಾತ್ ತೆರವು ಎಂದಾಕ್ಷಣ ಮೊದಲು ಜೆಸಿಬಿ ನುಗ್ಗುವುದು ಅವರ ಗಾಡಿಗಳ ಮೇಲೆ. ನಮ್ಮ ಪಟ್ಟಿಯಲ್ಲಿ ರಸ್ತೆಗಿಳಿದ 14 ಸಲದಲ್ಲಿ ತಳ್ಳುಗಾಡಿಯಿಂದಾಗಿ ಇಳಿದದ್ದು 2 ಸಲ. ನಿಂತ ವಾಹನಗಳಿಂದ 5 ಸಲ. ರಾತ್ರಿ ಆ ದಾರಿಯಲ್ಲಿ ಬೆಳಕಿದ್ದದ್ದೂ ಒಂದು ಎಗ್‌ರೈಸ್ ಗಾಡಿ, ಒಂದು ಹೂವಿನ ಅಂಗಡಿಯ ಬಲ್ಬಿನದ್ದೇ. ನನ್ನ ಸಹಪಾಠಿ ಹೆಣ್ಣುಮಕ್ಕಳು ಹೇಳುವಂತೆ ಆ ಹೂವಿನ ಅಮ್ಮ ಕೂತಿರುವವರೆಗೆ ನಡೆಯಲು ಭಯವಿಲ್ಲ, ಎದ್ದು ಹೋದ ಮೇಲೆ ಆಟೊ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ಗುರುತಿಸಿದ ಜಾಗ ಕೊಡಿ ಎನ್ನುತ್ತದೆ. ನಿಲ್ದಾಣದ ಬಳಿ 1.8 ಮೀಟರ್ ನಡಿಗೆಗೆ ಬಿಟ್ಟು, ಉಳಿದ ಅಂಚಿನಲ್ಲಿ ಅವರಿಗೆ ಗೆರೆ ಎಳೆದುಕೊಟ್ಟರೆ ಇಬ್ಬರಿಗೂ ಒಳಿತು.

ದುಡ್ಡೆಲ್ಲಿದೆ ಎಂದು ಕೇಳುತ್ತಾರೆ. ನಮ್ಮ ಮೆಟ್ರೊ ಈಗ 96 ಕಿ.ಮೀ., 80ಕ್ಕೂ ಹೆಚ್ಚು ನಿಲ್ದಾಣ. ಪ್ರತಿ ನಿಲ್ದಾಣದಿಂದ ನಾಲ್ಕು ದಿಕ್ಕಿಗೆ 500 ಮೀಟರಿನಂತೆ, ಎರಡೂ ಬದಿ ಹಿಡಿದರೆ 4 ಕಿ.ಮೀ. ಫುಟ್‌ಪಾತ್. 80 ನಿಲ್ದಾಣಕ್ಕೆ 320 ಕಿ.ಮೀ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಗೆ ಅಂದಾಜಿಸಿರುವುದು ಸುಮಾರು 17 ಕಿ.ಮೀ.ಗೆ 17 ಸಾವಿರ ಕೋಟಿ ರೂ.ಗಿಂತ ಹೆಚ್ಚು, ಅಂದರೆ ಕಿ.ಮೀ.ಗೆ ಸಾವಿರ ಕೋಟಿ. ಆ ಸುರಂಗದ ಒಂದೇ ಒಂದು ಕಿ.ಮೀ.ಯ ಹಣವನ್ನು ಈ 320 ಕಿ.ಮೀ.ಗೆ ಹಂಚಿದರೆ ಪ್ರತಿ ಕಿ.ಮೀ. ಫುಟ್‌ಪಾತಿಗೆ 3 ಕೋಟಿ ರೂ.ಗೂ ಹೆಚ್ಚು ಸಿಗುತ್ತದೆ. ನೆಲದಡಿಯ ಕೊಳವೆಗಳನ್ನೆಲ್ಲ ಬದಲಿಸಲು ಅದು ಸಾಲದಿರಬಹುದು. ಚಪ್ಪಡಿ ಸರಿಪಡಿಸಲು, ಗೇಟುಗಳ ಮುಂದೆ ಮಟ್ಟ ಕಾಯ್ದುಕೊಳ್ಳಲು, ದೀಪಕ್ಕೆ, ದಾಟುಪಟ್ಟೆಗೆ, ಸೈಕಲ್ ಕಮಾನಿಗೆ ಧಾರಾಳವಾಗಿ ಸಾಕು. ಸುರಂಗ ಬೇಕೋ ಬೇಡವೋ ಎಂಬ ಜಗಳ ದೊಡ್ಡವರು ಮಾಡಲಿ, ನಾನು ಕೇಳುತ್ತಿರುವುದು ಒಂದು ಕಿ.ಮೀ.

ಐದೂ ಪಾಲಿಕೆಗಳಿಗೆ ಚುನಾವಣೆ ನಡೆಯಬೇಕಿದೆ. ನಮ್ಮಲ್ಲಿ ಹಲವರಿಗೆ ಇದು ಮೊದಲ ಪಾಲಿಕೆ ಮತ. ಮನೆ ಬಾಗಿಲಿಗೆ ಬರುವ ಅಭ್ಯರ್ಥಿಯನ್ನು ಬಸ್ ನಿಲ್ದಾಣದವರೆಗೆ ನಡೆದುಕೊಂಡೇ ಬನ್ನಿ, ಮಾತಾಡುತ್ತ ಹೋಗೋಣ ಎಂದು ಕರೆಯಬೇಕೆಂದಿದ್ದೇನೆ. ಕಾರ್ಯಕರ್ತರ ಬೈಕುಗಳು ಹಿಂದೆ ಬರಬಾರದು ಎಂಬುದು ಷರತ್ತು.

ನಮ್ಮ ಪ್ರಾಜೆಕ್ಟಿಗೆ ಅಂಕ ಬಂದಾಗಿದೆ. ನಕ್ಷೆ, ಫೋಟೊ, 14 ಜಾಗಗಳ ಅಳತೆ ಸೇರಿಸಿ ಒಂದು ಪ್ರತಿಯನ್ನು ವಾರ್ಡ್ ಕಚೇರಿಗೆ, ಸಿಗ್ನಲ್ಲಿನ ಸೆಕೆಂಡುಗಳ ಪಟ್ಟಿಯನ್ನು ಸಂಚಾರ ಠಾಣೆಗೆ ಕೊಟ್ಟಿದ್ದೇವೆ. ಠಾಣೆಯಲ್ಲಿದ್ದ ಅಧಿಕಾರಿಯೊಬ್ಬರು ಕೂರಿಸಿ ಕೇಳಿಸಿಕೊಂಡರು. ಹದಿನೈದು ದಿನದ ನಂತರ ಹೋಗಿ ಎಣಿಸಿದರೆ ಹಸಿರು ದೀಪ 10ರಿಂದ 18 ಸೆಕೆಂಡಿಗೆ ಏರಿತ್ತು. ಅಜ್ಜಿಗೆ ಇನ್ನೂ 4 ಸೆಕೆಂಡ್ ಬಾಕಿ. ಹೊಂಗೆ ಕೊಂಬೆ ಒಣಗಿದೆ, ಗುಂಡಿ ಹಾಗೇ ಇದೆ. ಆರನೇ ಸೆಮಿಸ್ಟರಿನಲ್ಲಿ ಬಸ್ ನಿಲ್ದಾಣಗಳನ್ನು ಅಳೆಯಲು ಹೊರಟಿದ್ದೇವೆ. ಅವು ಮೆಟ್ರೊ ನಿಲ್ದಾಣಗಳಿಗಿಂತ ಎಷ್ಟೋ ಪಟ್ಟು ಹೆಚ್ಚಿರುವುದರಿಂದ ನಾಲ್ವರು ಸಾಲುವುದಿಲ್ಲ. ಬೇರೆ ಕಾಲೇಜಿನವರೂ ಸೇರಬಹುದು, ಟೇಪು ನಮ್ಮಲ್ಲಿದೆ.